ಇಮೇಲ್ ರೆಜೆಕ್ಸ್ ಬರೆದು, ಆಮೇಲೆ ಅಳಿಸಿದ್ದು

‘ನಿಮ್ಮ ಫಾರ್ಮ್ ನನ್ನ ಇಮೇಲ್ ತಗೊಳ್ತಾನೇ ಇಲ್ಲ’ ಅಂತ ಒಬ್ಬರು ಬರೆದಿದ್ದರು. ನೋಡಿದರೆ ಅವರ ವಿಳಾಸದಲ್ಲಿ @ ಗಿಂತ ಮೊದಲು ಒಂದು + ಇತ್ತು. ಅದು ನಿಯಮದ ಪ್ರಕಾರ ಸರಿಯೇ. ತಪ್ಪು ನನ್ನ ರೆಜೆಕ್ಸ್‌ನದು. ಬರೆದದ್ದು ಸರಿಯಾದ ರೂಪದಲ್ಲಿದೆಯಾ ಅಂತ ನೋಡುವ ಮಾದರಿಗೆ ರೆಜೆಕ್ಸ್ ಅನ್ನುತ್ತಾರೆ. ನನ್ನದು ಎಲ್ಲಿಂದಲೋ ಕಾಪಿ ಮಾಡಿದ್ದು; + ಒಪ್ಪುತ್ತಿರಲಿಲ್ಲ, ಕೊನೆಯ ಚುಕ್ಕಿಯ ನಂತರವೂ 2ರಿಂದ 4 ಅಕ್ಷರ ಮಾತ್ರ ಒಪ್ಪುತ್ತಿತ್ತು. ಡಾಟ್ ಮ್ಯೂಸಿಯಂ, ಡಾಟ್ ಫೋಟೋಗ್ರಫಿ ಇರುವವರಿಗೆಲ್ಲ ಬಾಗಿಲು ಬಂದ್.

ಸರಿ, ನಾನೇ ಬರೆಯೋಣ ಅಂತ ಆರ್‌ಎಫ್‌ಸಿ 5322 (ಇಮೇಲ್ ಹೇಗಿರಬೇಕು ಅನ್ನುವ ನಿಯಮದ ದಾಖಲೆ) ತೆರೆದು ಕೂತೆ. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಹೆಸರಿನ ನಡುವೆ ಖಾಲಿ ಜಾಗವೂ ನಡೆಯುತ್ತದೆ! ಆವರಣದಲ್ಲಿ ಟಿಪ್ಪಣಿ ಬೇರೆ ಬರೆಯಬಹುದು. ಯಾರು ಬರೆಯುತ್ತಾರೋ ಗೊತ್ತಿಲ್ಲ. ನನ್ನ ರೆಜೆಕ್ಸ್ ಮಾತ್ರ ದಿನೇ ದಿನೇ ಉದ್ದವಾಯಿತು.

ಆಮೇಲೊಂದು ದಿನ ಸರ್ವರ್ ನಿಂತೇಹೋಯಿತು. ಸಿಪಿಯು ಪೂರ್ತಿ 100%. @ ಗಿಂತ ಮೊದಲಿನ ಭಾಗಕ್ಕೆ ನಾನು ಬರೆದದ್ದು ಹೀಗಿತ್ತು: ಒಂದು ಅಥವಾ ಜಾಸ್ತಿ ಅಕ್ಷರ, ಬೇಕಿದ್ದರೆ ಒಂದು ಚುಕ್ಕಿ, ಇಡೀ ಗುಂಪಿಗೆ ಹೊರಗಿನಿಂದ ಮತ್ತೊಂದು + (ರೆಜೆಕ್ಸಲ್ಲಿ + ಅಂದರೆ ‘ಒಂದು ಅಥವಾ ಜಾಸ್ತಿ ಸಲ’). ಒಳಗೂ +, ಹೊರಗೂ +. ಯಾರೋ @ ಇಲ್ಲದೆ ಬರೀ 30 ಅಕ್ಷರ ಒತ್ತಿದ್ದರು. @ ಸಿಗಲಿಲ್ಲ ಅಂತ ರೆಜೆಕ್ಸ್ ಓಡಿಸುವ ಎಂಜಿನ್ ಹಿಂದೆ ಬಂದು, ಆ ಅಕ್ಷರಗಳನ್ನೇ ಬೇರೆ ಬೇರೆ ತುಂಡು ಮಾಡಿ ನೋಡುತ್ತಾ ಕೂತಿತ್ತು. ಒಂದೊಂದು ಅಕ್ಷರ ಸೇರಿದಾಗಲೂ ದಾರಿಗಳು ಎರಡರಷ್ಟು. 30 ಅಕ್ಷರಕ್ಕೆ 53 ಕೋಟಿಗೂ ಜಾಸ್ತಿ. ಚಿಕ್ಕ ವಿಳಾಸಗಳಲ್ಲೇ ಟೆಸ್ಟ್ ಮಾಡಿದ್ದರಿಂದ ನನಗೆ ಇದು ಕಂಡಿರಲೇ ಇಲ್ಲ.

ಅವತ್ತೇ ಎಲ್ಲ ಅಳಿಸಿದೆ. ಈಗ ಇರುವುದು ಇಷ್ಟೇ: @ ಮತ್ತು ಖಾಲಿ ಜಾಗ ಬಿಟ್ಟು ಏನಾದರೂ, ಒಂದು @, ಮತ್ತೆ ಹಾಗೇ ಏನಾದರೂ, ಒಂದು ಚುಕ್ಕಿ, ಮತ್ತೆ ಏನಾದರೂ. ಉದ್ಧರಣ ಚಿಹ್ನೆಯ ವಿಳಾಸಗಳು ಕೆಲವು ಬಿಟ್ಟುಹೋಗುತ್ತವೆ, ಹೋಗಲಿ. ಬ್ರೌಸರ್‌ನ ಇಮೇಲ್ ಇನ್‌ಪುಟ್ ಕೂಡ ಆರ್‌ಎಫ್‌ಸಿಯನ್ನು ಬೇಕಂತಲೇ ಪೂರ್ತಿ ಪಾಲಿಸುವುದಿಲ್ಲ.

ರೆಜೆಕ್ಸ್‌ಗೆ ಕೊಡುವ ಮೊದಲೇ ಉದ್ದ 254 ಅಕ್ಷರ ದಾಟಿದೆಯಾ ಅಂತ ನೋಡುತ್ತೇನೆ. ಪೈಥಾನ್‌ನಲ್ಲಿ ಫುಲ್‌ಮ್ಯಾಚ್ ಬಳಸುತ್ತೇನೆ; ಮೊದಲಿಂದ ಕೊನೆವರೆಗೂ ಪೂರ್ತಿ ಹೊಂದಿದರೆ ಮಾತ್ರ ಅದು ಒಪ್ಪುತ್ತದೆ. ಸುಮ್ನೆ ‘ಇಲ್ಲಿಗೆ ಕೊನೆ’ ಅನ್ನುವ ಗುರುತು $ ಹಾಕಿದರೆ ಕೊನೆಯಲ್ಲಿ ಒಂದು ಹೊಸ ಸಾಲು ಇದ್ದರೂ ಪಾಸ್ ಆಗುತ್ತದೆ. ಅದು ಹಾಗೇ ಡೇಟಾಬೇಸ್‌ಗೆ ಹೋದರೆ ಆಮೇಲೆ ಹುಡುಕಿದಾಗ ವಿಳಾಸ ಸಿಗುವುದಿಲ್ಲ.

ಹೆಸರಲ್ಲಿ ಒಂದಕ್ಷರ ಆಚೀಚೆಯಾದರೆ ಯಾವ ರೆಜೆಕ್ಸೂ ಹಿಡಿಯದು, ಅಲ್ವಾ? ಅದಕ್ಕೆ ಲಿಂಕ್ ಇರುವ ಒಂದು ಮೇಲ್ ಕಳಿಸುತ್ತೇನೆ. ಅವರು ಲಿಂಕ್ ಒತ್ತುವ ತನಕ ಖಾತೆ ಶುರುವಾಗುವುದಿಲ್ಲ.