ಸಿಲ್ಕಿ ಕೋಳಿಯನ್ನು ತಳಿಗೆ ಆರಿಸುವಾಗ ಕೈಯಿಟ್ಟು ನೋಡಿ

ಸಿಲ್ಕಿ ಕೋಳಿಯನ್ನು ದೂರದಿಂದ ನೋಡಿ ಆರಿಸಬಾರದು ಎಂಬುದನ್ನು ನಾನು ಮರಿ ಕೇಳಲು ಬರುವ ಪ್ರತಿಯೊಬ್ಬರಿಗೂ ಮೊದಲು ಹೇಳುತ್ತೇನೆ. ಹಿಂಜಿದ ಅರಳೆಯಂತಹ ಅದರ ತುಪ್ಪಳ ಮೈಯ ಎಷ್ಟೋ ದೋಷಗಳನ್ನು ಮುಚ್ಚಿಬಿಡುತ್ತದೆ. ಅಂಗಳದಲ್ಲಿ ಓಡಾಡಿಕೊಂಡಿರಲಿ ಎಂದು ಸಾಕುವ ಹಕ್ಕಿಗೆ ಅಷ್ಟು ಅಂದ ಸಾಕು. ಆದರೆ ಅದರಿಂದ ಮರಿ ತೆಗೆಯಬೇಕೆಂದಿದ್ದರೆ, ಹಗಲಿನ ಬೆಳಕಿನಲ್ಲಿ ಅದನ್ನು ಕೈಗೆ ತೆಗೆದುಕೊಂಡು, ತುಪ್ಪಳವನ್ನು ಬಿಡಿಸಿ, ಎಲುಬಿನಿಂದ ಹೊರಕ್ಕೆ ಬರುವ ಕ್ರಮದಲ್ಲಿ ನೋಡಬೇಕು.

ಎಡಗೈಯನ್ನು ಎದೆಯ ಕೆಳಗೆ ಕೊಟ್ಟು, ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು ಎತ್ತಿಕೊಂಡರೆ ಎದೆಮೂಳೆ ಅಂಗೈಗೆ ಸಿಗುತ್ತದೆ. ಅದು ನೆಟ್ಟಗಿರಬೇಕು, ಎರಡೂ ಬದಿಯಲ್ಲಿ ಮಾಂಸ ತುಂಬಿರಬೇಕು. ಬೆನ್ನು ಗಿಡ್ಡವಾಗಿ ಅಗಲವಾಗಿರಬೇಕು, ಕಾಲುಗಳು ಒಂದಕ್ಕೊಂದು ತಾಗುವಂತಿರದೆ ದೂರದೂರಕ್ಕೆ ನಿಂತಿರಬೇಕು. ಕೈಯಲ್ಲಿ ಹಗುರ ಎನಿಸಿದೊಡನೆ ಹಕ್ಕಿ ಬಡವಾಗಿದೆ ಎಂದು ತೀರ್ಮಾನಿಸಬಾರದು. ಬ್ರಿಟನ್ನಿನ ಮಾನದಂಡದಲ್ಲಿ ದೊಡ್ಡ ಗಾತ್ರದ ಸಿಲ್ಕಿ ಹುಂಜ ಸುಮಾರು 1.8 ಕಿಲೋ, ಹೇಂಟೆ ಸುಮಾರು 1.4 ಕಿಲೋ ತೂಗಬೇಕು. ಅಮೆರಿಕದಲ್ಲಿ ಇದೇ ಕೋಳಿಯನ್ನು ಬ್ಯಾಂಟಮ್, ಅಂದರೆ ಸಣ್ಣ ಗಾತ್ರದ ಕೋಳಿ, ಎಂದು ಎಣಿಸುವುದರಿಂದ ಅಲ್ಲಿ ಹುಂಜಕ್ಕೆ ಸುಮಾರು 1 ಕಿಲೋ, ಹೇಂಟೆಗೆ ಸುಮಾರು 900 ಗ್ರಾಂ. ಹಕ್ಕಿಯ ಹಿರಿಯರು ಯಾವ ಸಾಲಿನವರೆಂದು ಕೇಳಿ ತಿಳಿದ ಮೇಲೆ ತೂಕದ ಮಾತು ಆಡಬೇಕು.

ಇನ್ನು ಗರಿಯ ವಿಚಾರ. ಸಾಮಾನ್ಯ ಕೋಳಿಯ ಗರಿಯ ಎಳೆಗಳು ಕಣ್ಣಿಗೆ ಕಾಣದ ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸಿಲ್ಕಿಯಲ್ಲಿ ಆ ಕೊಕ್ಕೆಗಳಿಲ್ಲ, ಆದ್ದರಿಂದಲೇ ಅದರ ಗರಿ ತುಪ್ಪಳದಂತೆ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅದು ಹಾರಲಾರದು, ಮಳೆಯಲ್ಲಿ ಬೇಗ ನೆನೆಯುತ್ತದೆ. ಈ ಗುಣ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಸಿಲ್ಕಿಯನ್ನು ಬೇರೆ ಜಾತಿಯೊಡನೆ ಕೂಡಿಸಿದರೆ ಮೊದಲ ತಲೆಮಾರಿನ ಮರಿಗಳೆಲ್ಲ ಸಾಮಾನ್ಯ ಗರಿಯವೇ ಆಗುತ್ತವೆ, ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ನಾಲ್ಕರಲ್ಲಿ ಒಂದರಂತೆ ರೇಷ್ಮೆ ಗರಿ ಮರಳಿ ಬರುತ್ತದೆ. ಅಂತಹ ಮರಿಯ ಗರಿ ಎಷ್ಟೇ ಮೃದುವಾಗಿದ್ದರೂ ಅದರ ರಕ್ತದಲ್ಲಿ ಬೇರೆ ಜಾತಿ ಅರ್ಧದಷ್ಟಿರಬಹುದು. ಹಾಗಾಗಿ ಗರಿಯೊಂದನ್ನೇ ಶುದ್ಧತೆಯ ಸಾಕ್ಷಿ ಎಂದು ನಂಬಬೇಡಿ.

ಶುದ್ಧತೆಯನ್ನು ತಿಳಿಯಲು ನಾನು ಹೆಚ್ಚು ನೆಚ್ಚಿಕೊಂಡಿರುವುದು ಚರ್ಮವನ್ನು. ಸಿಲ್ಕಿಯ ಚರ್ಮ ಕಪ್ಪು, ಆ ಕಪ್ಪು ಮಾಂಸದ ಪದರಗಳಿಗೂ ಎಲುಬಿನ ಮೇಲಿನ ಪೊರೆಗೂ ಇಳಿದಿರುತ್ತದೆ. ರೆಕ್ಕೆಯ ಅಡಿಯಲ್ಲಿ, ಹೊಟ್ಟೆಯ ಮೇಲೆ, ಪಾದದ ಕೆಳಗೆ ತುಪ್ಪಳ ಬಿಡಿಸಿ ನೋಡಿದಾಗ ಎಲ್ಲಿಯೂ ನಸುಗೆಂಪಿನ ತೇಪೆ ಇರಬಾರದು. ಮುಖ ಕಪ್ಪಾಗಿರಬೇಕು, ಕಣ್ಣು ಗಾಢವಾಗಿರಬೇಕು, ಕಿವಿಹಾಲೆ ಹಸಿರು ಬೆರೆತ ತಿಳಿನೀಲಿಯಾಗಿದ್ದರೆ ಬಹಳ ಒಳ್ಳೆಯದು. ಹುಂಜದ ಜುಟ್ಟು, ಅಂದರೆ ತಲೆಯ ಮೇಲಿನ ಮಾಂಸದ ಭಾಗ, ಮಾಗಿದ ಹಿಪ್ಪುನೇರಳೆ ಹಣ್ಣಿನ ಬಣ್ಣದ್ದಾಗಿ, ಅಕ್ರೋಟು ಕಾಯಿಯಂತೆ ಉಂಡೆಯಾಗಿರಬೇಕು. ಕೆಂಪಾಗಿ ಗರಗಸದಂತೆ ಎದ್ದು ನಿಂತ ಜುಟ್ಟು ಇದ್ದರೆ ಆ ಹುಂಜವನ್ನು ತಳಿಗೆ ಇಡಬೇಡಿ. ಸರಿಯಾದ ಜುಟ್ಟಿನ ಜೋಡಿಯಿಂದಲೂ ಒಮ್ಮೊಮ್ಮೆ ಇಂತಹ ಮರಿ ಹುಟ್ಟುತ್ತದೆ, ಏಕೆಂದರೆ ಅಕ್ರೋಟು ಜುಟ್ಟು ಎರಡು ಬೇರೆ ಬೇರೆ ಜುಟ್ಟಿನ ಗುಣಗಳು ಕೂಡಿ ಆಗುವಂಥದ್ದು. ಇಬ್ಬರಲ್ಲೂ ಗರಗಸದ ಜುಟ್ಟು ಅಡಗಿದ್ದರೆ ಮರಿಯಲ್ಲಿ ಅದು ಹೊರಬೀಳುತ್ತದೆ.

ಬೆರಳುಗಳ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ಸಿಲ್ಕಿಗೆ ಪ್ರತಿ ಕಾಲಿನಲ್ಲೂ ಐದು ಬೆರಳು ಇರಬೇಕು. ಐದನೆಯದು ನಾಲ್ಕನೆಯದಕ್ಕೆ ಅಂಟಿಕೊಳ್ಳದೆ ಬುಡದಿಂದಲೇ ಬೇರೆಯಾಗಿ, ನೆಲಕ್ಕೆ ತಾಗದೆ ಮೇಲಕ್ಕೆ ಬಾಗಿರಬೇಕು. ಬಹಳ ವರ್ಷಗಳ ಹಿಂದೆ ನನ್ನಲ್ಲಿದ್ದ ಒಂದು ಬಿಳಿ ಹುಂಜಕ್ಕೆ ಒಂದು ಕಾಲಿನಲ್ಲಿ ಐದು, ಇನ್ನೊಂದರಲ್ಲಿ ನಾಲ್ಕೇ ಬೆರಳುಗಳಿದ್ದವು. ಅದರ ತಲೆಗರಿಯ ತುರಾಯಿಯೂ ಮುಖವೂ ಅಷ್ಟು ಸೊಗಸಾಗಿದ್ದುದರಿಂದ ಒಂದು ಬೆರಳು ಏನು ಮಹಾ ಎಂದುಕೊಂಡು ಎರಡು ಋತು ಅದರಿಂದ ಮರಿ ತೆಗೆದೆ. ನಾಲ್ಕು ಬೆರಳಿನವು, ಅಂಟಿದ ಬೆರಳಿನವು ಆ ಮನೆತನದಲ್ಲಿ ಮತ್ತೆ ಮತ್ತೆ ಹುಟ್ಟಿದವು, ಮೊಮ್ಮಕ್ಕಳ ಸಾಲಿನವರೆಗೂ ಅದನ್ನು ತೊಳೆಯಲಾಗಲಿಲ್ಲ. ಹೆಚ್ಚುವರಿ ಬೆರಳಿನ ಗುಣ ಪ್ರಬಲವಾದದ್ದಾದರೂ ಎಲ್ಲ ಮರಿಗಳಲ್ಲೂ ಪೂರ್ಣವಾಗಿ ತೋರಿಬರುವುದಿಲ್ಲ, ಆದ್ದರಿಂದ ದೋಷವೂ ತಲೆಮಾರು ದಾಟಿ ಅಡಗಿ ಕೂರುತ್ತದೆ. ಮರಿ ಒಡೆದ ದಿನವೇ ಬೆರಳು ಎಣಿಸಿ ಬರೆದಿಡುವುದನ್ನು ನಾನು ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ತಲೆಯ ಮೇಲಿನ ತುರಾಯಿ ಹೇಂಟೆಯಲ್ಲಿ ಉಂಡೆಯಾಗಿ, ಹುಂಜದಲ್ಲಿ ಹಿಂದಕ್ಕೆ ಎಳೆಗಳಾಗಿ ಬಿದ್ದಿರುತ್ತದೆ. ದೊಡ್ಡ ತುರಾಯಿಯ ಆಸೆಯಲ್ಲಿ ತಲೆಬುರುಡೆ ಉಬ್ಬಿದ ಹಕ್ಕಿಗಳನ್ನೇ ಆರಿಸುವ ರೂಢಿಯಿದೆ. ಅಂತಹ ಬುರುಡೆ ಎಳೆಯದರಲ್ಲಿ ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ ಬೇರೆ ಕೋಳಿ ಒಮ್ಮೆ ಕುಕ್ಕಿದರೂ ಮಿದುಳಿಗೆ ಪೆಟ್ಟಾಗಿ ಕುತ್ತಿಗೆ ತಿರುಚಿಕೊಳ್ಳಬಹುದು. ಉಬ್ಬು ತಲೆಯ ಮರಿಗಳನ್ನು ಬಿರುಸಿನ ಜಾತಿಗಳಿಂದ ದೂರವಿಡಿ. ಮಧ್ಯಮ ತುರಾಯಿಯ, ಎದುರಿಗೆ ಕಣ್ಣು ಕಾಣುವ ಹಕ್ಕಿಯೇ ತಳಿಗೆ ನನ್ನ ಆಯ್ಕೆ. ಗಡ್ಡವಿರುವ ಮತ್ತು ಇಲ್ಲದ ಬಗೆಗಳನ್ನು ಬೆರೆಸದೆ ಬೇರೆಯಾಗಿಯೇ ಇಡಬೇಕು.

ಬಣ್ಣಕ್ಕೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ನೀಲಿಯನ್ನು ನೀಲಿಯೊಡನೆ ಕೂಡಿಸಿದರೆ ಮರಿಗಳಲ್ಲಿ ಅರ್ಧದಷ್ಟೇ ನೀಲಿ, ಉಳಿದವು ಕಪ್ಪು ಮತ್ತು ಮಾಸಲು ಚುಕ್ಕೆಯವು ಆಗುತ್ತವೆ ಎಂಬುದನ್ನು ತಿಳಿದಿದ್ದರೆ ಸಾಕು, ನಿರಾಶೆಯಾಗುವುದಿಲ್ಲ.

ಆರು ತಿಂಗಳಿಗೆ ಮೊದಲು ಸಿಲ್ಕಿಯ ಹುಂಜ ಹೇಂಟೆಯನ್ನೇ ಖಚಿತವಾಗಿ ಗುರುತಿಸುವುದು ಕಷ್ಟ, ಆದ್ದರಿಂದ ಅಂತಿಮ ಆಯ್ಕೆಗೆ ಆತುರಪಡಬಾರದು. ಬೆರಳು ಮತ್ತು ಚರ್ಮದ ದೋಷವಿರುವ ಮರಿಗಳನ್ನು ಹುಟ್ಟಿದಾಗಲೇ ಬೇರೆ ಮಾಡಿ, ಉಳಿದವನ್ನು ಎಂಟು ಹತ್ತು ತಿಂಗಳಾದ ಮೇಲೆ, ಗರಿ ಪೂರ್ತಿ ಬಂದಾಗ ಮತ್ತೊಮ್ಮೆ ನೋಡಿ. ಆಗ ರೆಕ್ಕೆಯನ್ನು ಬಿಡಿಸಿ, ಗರಿಗಳ ನಡುವೆ ಸೀಳಿದಂತಹ ಬಿರುಕಿದೆಯೇ ಎಂದೂ ಪರೀಕ್ಷಿಸಿ.

ಹೇಂಟೆ ಪದೇ ಪದೇ ಕಾವಿಗೆ ಕೂರುವುದನ್ನು ದೋಷವೆಂದು ಎಣಿಸಬೇಡಿ, ಅದು ಈ ಜಾತಿಯ ಹುಟ್ಟುಗುಣ; ಬೇರೆ ಕೋಳಿಗಳ ಮೊಟ್ಟೆಗೂ ಅದು ತಾಯಿಯಾಗುತ್ತದೆ. ಮೊಟ್ಟೆ ಬರಡಾಗುತ್ತಿದ್ದರೆ ಹುಂಜವನ್ನು ದೂರುವ ಮೊದಲು ಎರಡೂ ಹಕ್ಕಿಗಳ ಗುದದ ಸುತ್ತಲಿನ ತುಪ್ಪಳವನ್ನು ಕತ್ತರಿಸಿ, ಏಕೆಂದರೆ ಅದೇ ಅಡ್ಡವಾಗಿರುವುದು ಹೆಚ್ಚು. ಜೋಡಿ ಕೂಡಿಸುವಾಗ ಇಬ್ಬರಲ್ಲೂ ಒಂದೇ ಕೊರತೆ ಇರದಂತೆ ನೋಡಿಕೊಳ್ಳಿ: ಕಿವಿಹಾಲೆ ಮಸುಕಾದ ಹೇಂಟೆಗೆ ಗಾಢ ಕಿವಿಹಾಲೆಯ ಹುಂಜ, ಕಾಲು ಹತ್ತಿರ ನಿಂತದ್ದಕ್ಕೆ ಅಗಲ ಮೈಯದು. ಹುಂಜ ಬದಲಿಸಿದರೆ ಹಳೆಯ ಹುಂಜದ ಬೀಜ ಹೇಂಟೆಯ ಒಳಗೆ ಇನ್ನೂ ಉಳಿದಿರುವುದರಿಂದ ಕನಿಷ್ಠ ಮೂರು ವಾರ ಕಾದು ಅನಂತರ ಬಂದ ಮೊಟ್ಟೆಗಳನ್ನೇ ಕಾವಿಗಿಡಬೇಕು. ಪ್ರತಿ ಮರಿಯ ಕಾಲಿಗೂ ಸಂಖ್ಯೆಯ ಉಂಗುರ ಹಾಕಿ, ಕಾಲಿನ ತುಪ್ಪಳದಲ್ಲಿ ಅದು ಮುಚ್ಚಿಹೋಗುವುದರಿಂದ ವಾರಕ್ಕೊಮ್ಮೆ ಬಿಗಿಯಾಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ, ಬೆಳೆದಂತೆ ದೊಡ್ಡದಕ್ಕೆ ಬದಲಿಸುತ್ತಿರಿ.