ಮಾಡ್ಯುಲರ್ ಕಿಚನ್: ಚದರ ಅಡಿ ದರ ಆಮೇಲೆ, ಮೊದಲು ಪೆಟ್ಟಿಗೆ ಎಣಿಸಿ

ಮಾಡ್ಯುಲರ್ ಕಿಚನ್, ಅಂದರೆ ಬಿಡಿಬಿಡಿ ಪೆಟ್ಟಿಗೆಗಳನ್ನು (ಕ್ಯಾಬಿನೆಟ್) ಜೋಡಿಸಿ ಮಾಡುವ ಅಡುಗೆಮನೆಗಾಗಿ ಶೋರೂಮಿಗೆ ಕಾಲಿಟ್ಟವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಚದರ ಅಡಿಗೆ ಎಷ್ಟು?’ ಮಾರುವವರಿಗೂ ಬೇಕಾದ್ದು ಅದೇ. ಯಾವುದರ ಚದರ ಅಡಿ, ಎಲ್ಲಿಂದ ಎಲ್ಲಿಗೆ ಅಳೆದದ್ದು, ಅದರೊಳಗೆ ಏನೇನು ಸೇರಿದೆ ಎಂದು ಗೊತ್ತಿಲ್ಲದವರಿಗೆ 1,400 ಎಂದರೂ ನಡೆಯುತ್ತದೆ, 2,200 ಎಂದರೂ ನಡೆಯುತ್ತದೆ. 1,400ರ ಅಂಗಡಿಯ ಬಿಲ್ಲು ಕೊನೆಗೆ 2,200ರ ಅಂಗಡಿಯದ್ದನ್ನು ಮೀರಿಸುವುದೂ ಉಂಟು. ಮೂರು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವಂತೆ ಮಾಡಿಕೊಂಡರೆ ಅರ್ಧ ಚೌಕಾಸಿ ಅಲ್ಲೇ ಮುಗಿದಂತೆ.

ಮನೆಯಲ್ಲೇ ಮಾಡಬೇಕಾದ ಕೆಲಸ

ಅಂಗಡಿಯವರು ಅಳೆಯಲು ಬರುವ ಮೊದಲು ನೀವೇ ಒಮ್ಮೆ ಟೇಪು ಹಿಡಿಯಿರಿ. ಪ್ರತಿ ಗೋಡೆಯ ಉದ್ದವನ್ನು ಮೂರು ಎತ್ತರದಲ್ಲಿ ಅಳೆಯಬೇಕು: ನೆಲದ ಹತ್ತಿರ, ಕಟ್ಟೆಯ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ. ಗಾರೆ ಕೆಲಸದ ಗೋಡೆ ನೆಟ್ಟಗಿರುವುದೇ ಅಪರೂಪ. ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಸಾಮಾನ್ಯ. ಮೂರರಲ್ಲಿ ಚಿಕ್ಕ ಅಳತೆಯನ್ನೇ ಹಿಡಿಯಿರಿ. ನಲ್ಲಿ, ಡ್ರೈನ್ ಪೈಪ್, ಸ್ವಿಚ್ ಬೋರ್ಡ್, ಕಿಟಕಿ, ಬೀಮ್ ಎಲ್ಲಿವೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಆಮೇಲೆ ಪಾತ್ರೆಗಳ ಸರದಿ. ದೊಡ್ಡ ಕುಕ್ಕರ್ ಸೀಟಿ ಸಮೇತ ಎಷ್ಟು ಎತ್ತರ, ಇಡ್ಲಿ ಪಾತ್ರೆ ಎಷ್ಟು, ಗ್ರೈಂಡರ್ ಕಟ್ಟೆಯ ಮೇಲೆಯೋ ಕೆಳಗೋ, ಅಕ್ಕಿ ಎಷ್ಟು ಕಿಲೋದ ಮೂಟೆಯಲ್ಲಿ ಬರುತ್ತದೆ ಎಂಬುದೆಲ್ಲ ಬರೆದುಕೊಳ್ಳಿ. ಇದನ್ನು ಅಳೆಯದೆ ಮಾಡಿಸಿದ ಡ್ರಾಯರ್‌ನಲ್ಲಿ ಕುಕ್ಕರ್ ಮಲಗಿಸಿ ಇಡುವ ಪರಿಸ್ಥಿತಿ ಬರುತ್ತದೆ.

ಬಿಲ್ಡರ್ ಆಗಲೇ ಗ್ರಾನೈಟ್ ಕಟ್ಟೆ ಹಾಕಿಸಿದ್ದರೆ, ‘ಒಡೆದು ಹಾಕಿ, ಹೊಸದಾಗಿ ಮಾಡೋಣ’ ಎಂಬ ಮಾತಿಗೆ ತಕ್ಷಣ ತಲೆಯಾಡಿಸಬೇಡಿ. ಕಡಪ ಕಲ್ಲಿನ ಆಸರೆಗಳ ನಡುವಿನ ಖಾಲಿ ಜಾಗಕ್ಕೆ ಪೆಟ್ಟಿಗೆ ಕೂರಿಸಬಹುದು. ಒಡೆದರೆ ಕಲ್ಲು, ಕೂಲಿ, ಹೊಸ ಟೈಲ್ಸ್, ಕಸ ಸಾಗಿಸುವುದು, ಪ್ಲಂಬಿಂಗ್ ಎಲ್ಲ ನಿಮ್ಮ ಲೆಕ್ಕಕ್ಕೇ.

ಒಂದೇ ಪಟ್ಟಿ, ಮೂರು ಅಂಗಡಿ

ಹಲವು ಕಡೆ ಮುಂಗಡ ಕೊಡುವವರೆಗೆ ನಕ್ಷೆ ಕೈಗೆ ಕೊಡುವುದಿಲ್ಲ. ಗ್ರಾಫ್ ಹಾಳೆಯ ಮೇಲೆ ನೀವೇ ಗೀಚಿದ ನಕ್ಷೆ ಸಾಕು. 10 ಅಡಿ ಮತ್ತು 7 ಅಡಿ ಗೋಡೆಗಳ ‘ಎಲ್’ ಆಕಾರದ ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಉದ್ದದ ಗೋಡೆ ಸುಮಾರು 3,050 ಮಿ.ಮೀ. ಅದರಲ್ಲಿ 1,000ದ ಮೂಲೆ ಪೆಟ್ಟಿಗೆ, ಒಲೆಯ ಕೆಳಗೆ 900ರ ಡ್ರಾಯರ್, ಪಕ್ಕದಲ್ಲಿ 600ರ ಡ್ರಾಯರ್, 450ರ ಸಿಲಿಂಡರ್ ಜಾಗ. ಉಳಿದ 100 ಮಿ.ಮೀ. ಗೋಡೆಯ ಬದಿಯ ಸಂದು ಮುಚ್ಚುವ ಫಿಲ್ಲರ್ ಪಟ್ಟಿಗೆ. ಚಿಕ್ಕ ಗೋಡೆಯಲ್ಲಿ ಮೂಲೆ ಬಿಟ್ಟು ಉಳಿಯುವುದು ಸುಮಾರು 1,535: ಸಿಂಕ್ ಕೆಳಗೆ 900, ಪಕ್ಕದಲ್ಲಿ 600. ಒಟ್ಟು ಆರು ಪೆಟ್ಟಿಗೆ.

ಈ ಪಟ್ಟಿಯನ್ನೇ ಮೂರು ಕಡೆಗೂ ಕೊಟ್ಟು, ಪೆಟ್ಟಿಗೆಗೆ ಇಷ್ಟು ಎಂದು ಬಿಡಿಬಿಡಿಯಾಗಿ ದರ ಬರೆದುಕೊಡಲು ಕೇಳಿ. ಮೂವರಲ್ಲಿ ಒಂದು ಬ್ರ್ಯಾಂಡ್ ಶೋರೂಮ್, ಒಂದು ಸ್ಥಳೀಯ ಚಿಕ್ಕ ಕಾರ್ಖಾನೆ, ಒಬ್ಬ ಕಾರ್ಪೆಂಟರ್ ಇರಲಿ. ‘ಒಟ್ಟು ಪ್ಯಾಕೇಜ್ 2.85 ಲಕ್ಷ’ ಎಂದಷ್ಟೇ ಬರೆದುಕೊಡುವವರನ್ನು ಪಟ್ಟಿಯಿಂದ ಕೈಬಿಡಿ. ಏನು ಕಡಿಮೆ ಮಾಡಿದರೆ ಎಷ್ಟು ಉಳಿಯುತ್ತದೆಂದು ತಿಳಿಯದ ಕೊಟೇಶನ್ ಮೇಲೆ ಚೌಕಾಸಿ ಸಾಧ್ಯವಿಲ್ಲ.

ಟೇಪು ಹಿಡಿಯುವ ಕಲೆ

ಚದರ ಅಡಿ ಲೆಕ್ಕ ದಾರಿ ತಪ್ಪುವುದು ಇಲ್ಲಿ. ಗೋಡೆಯ ಗುಂಟ ಅಳೆದರೆ ನಮ್ಮ ಉದಾಹರಣೆಯ ಕೆಳಗಿನ ಕಪಾಟು 10 ಮತ್ತು 7 ಸೇರಿ 17 ಅಡಿ. ಆದರೆ ಕಟ್ಟೆಯ ಅಗಲ ಎರಡು ಅಡಿ. ಆ ಮೂಲೆ ಎರಡೂ ಗೋಡೆಯ ಲೆಕ್ಕದಲ್ಲಿ ಬಂದುಬಿಟ್ಟಿದೆ. ನಿಜವಾಗಿ ಪೆಟ್ಟಿಗೆ ಇರುವುದು 15 ಅಡಿಯಲ್ಲಿ ಮಾತ್ರ.

ಇನ್ನು ಎತ್ತರ. ನೆಲದಿಂದ ಕಟ್ಟೆಯ ಮೇಲ್ಮೈವರೆಗೆ ಸಾಮಾನ್ಯವಾಗಿ 850 ಮಿ.ಮೀ., ಅಂದರೆ 2.79 ಅಡಿ. ಅದರಲ್ಲಿ ಪೆಟ್ಟಿಗೆ 720 ಮಿ.ಮೀ., ಅಂದರೆ 2.36 ಅಡಿ ಮಾತ್ರ. ಉಳಿದದ್ದು ಪ್ಲಾಸ್ಟಿಕ್ ಕಾಲು ಮತ್ತು ಗ್ರಾನೈಟ್‌ನ ದಪ್ಪ. ಗ್ರಾನೈಟ್‌ಗೆ ನೀವು ಬೇರೆ ದುಡ್ಡು ಕೊಡುತ್ತಿದ್ದೀರಿ.

17 ಅಡಿಯನ್ನು 2.79ರಿಂದ ಗುಣಿಸಿದರೆ 47.4 ಚದರ ಅಡಿ. 15ನ್ನು 2.36ರಿಂದ ಗುಣಿಸಿದರೆ 35.4. ಅಂತರ 12 ಚದರ ಅಡಿ. ಲೆಕ್ಕಕ್ಕೆಂದು 1,800 ರೂಪಾಯಿ ದರ ಹಿಡಿದರೆ 21,600. ಶೇ 18 ಜಿಎಸ್‌ಟಿ ಸೇರಿದರೆ 25,488. ಅದೇ ಪೆಟ್ಟಿಗೆ, ಅದೇ ಮರ. ಇದನ್ನು ಮೋಸ ಎನ್ನಲಾಗದು. ಹೇಗೆ ಅಳೆಯುತ್ತೇವೆಂದು ಮೊದಲೇ ಹೇಳಿದರೆ ಅದೂ ಒಂದು ಪದ್ಧತಿ. ಹೇಳದಿದ್ದಾಗ ಕೇಳಿ ಬರೆಸಿಕೊಳ್ಳುವುದು ನಮ್ಮ ಕೆಲಸ. ಸಿಲಿಂಡರ್ ಇಡುವ ಕಡೆ ತಳದ ಹಲಗೆಯಾಗಲಿ ಮಧ್ಯದ ಶೆಲ್ಫ್ ಆಗಲಿ ಇರುವುದಿಲ್ಲ; ಅಲ್ಲಿ ಪೂರ್ತಿ ಪೆಟ್ಟಿಗೆಯ ದರ ಹಾಕಿದ್ದರೆ ಅದನ್ನೂ ಕೇಳಿ. ಅದರ ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ.

ಪ್ಲೈವುಡ್ ದರದಿಂದ ಪೆಟ್ಟಿಗೆ ದರಕ್ಕೆ

‘ಎಂಆರ್ ಬೇಡ ಸರ್, ಬಿಡಬ್ಲ್ಯುಪಿಗೆ ಹೋಗಿ, ಚದರ ಅಡಿಗೆ 500 ಜಾಸ್ತಿ ಅಷ್ಟೇ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಎಂಆರ್ ಎಂದರೆ ತೇವ ತಡೆಯುವ ಪ್ಲೈವುಡ್, ಬಿಡಬ್ಲ್ಯುಪಿ ಎಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆ. ಆ 500 ನ್ಯಾಯವೇ ಎಂದು ತಿಳಿಯಲು ಒಂದು ಪೆಟ್ಟಿಗೆಯನ್ನು ಬಿಚ್ಚಿ ನೋಡೋಣ.

600 ಅಗಲ, 720 ಎತ್ತರ, 560 ಆಳದ ಪೆಟ್ಟಿಗೆ. ಎರಡು ಪಕ್ಕದ ಹಲಗೆ, ಒಂದು ತಳ, ಒಂದು ಶೆಲ್ಫ್, ಮೇಲೆ ಎರಡು ಪಟ್ಟಿ, ಮುಂದೆ ಬಾಗಿಲು. 18 ಮಿ.ಮೀ. ದಪ್ಪದ ಈ ಹಲಗೆಗಳೆಲ್ಲ ಸೇರಿ ಸುಮಾರು 21 ಚದರ ಅಡಿ. ಕತ್ತರಿಸುವಾಗ ಹಾಳಾಗುವುದು ಶೇ 15 ಎಂದುಕೊಂಡರೆ 24ಕ್ಕೂ ಸ್ವಲ್ಪ ಹೆಚ್ಚು. ಹಿಂಬದಿಯ 6 ಮಿ.ಮೀ. ಹಲಗೆ ಬೇರೆ. ನಿಮಗೆ ದರ ಹಾಕುವುದು ಮುಂಭಾಗದ 4.65 ಚದರ ಅಡಿಗೆ. ಅಂದರೆ ಮುಂಭಾಗದ ಒಂದು ಚದರ ಅಡಿಯ ಹಿಂದೆ ಐದು ಚದರ ಅಡಿಗಿಂತ ತುಸು ಹೆಚ್ಚು ಪ್ಲೈವುಡ್ ಇದೆ.

ಈಗ ಪ್ಲೈವುಡ್ ಅಂಗಡಿಗೆ ಹೋಗಿ. ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಬೇರೆ ಊರಲ್ಲಿ ಯಾವ ಮರದ ಡಿಪೋ ಆದರೂ ಸರಿ. ಒಂದೇ ಕಂಪನಿಯ ಎರಡು ದರ್ಜೆಯ 18 ಮಿ.ಮೀ. ಶೀಟಿಗೆ ದರ ಕೇಳಿ. ಎಂಟಕ್ಕೆ ನಾಲ್ಕು ಅಡಿಯ ಒಂದು ಶೀಟು 32 ಚದರ ಅಡಿ. ವ್ಯತ್ಯಾಸ ಚದರ ಅಡಿಗೆ 40 ರೂಪಾಯಿ ಬಂತು ಎನ್ನಿ. ಐದರಿಂದ ಗುಣಿಸಿದರೆ 200, ಒಂದಿಷ್ಟು ಲಾಭ ಸೇರಿಸಿದರೆ 250. ಕೇಳಿದ್ದು 500. ಈ ಲೆಕ್ಕ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟರೆ ಮುಂದಿನ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಅಷ್ಟಕ್ಕೂ ಎಲ್ಲ ಪೆಟ್ಟಿಗೆಗೂ ಬಿಡಬ್ಲ್ಯುಪಿ ಬೇಕಿಲ್ಲ. ಐಎಸ್ 710 ಗುರುತಿನ ಬಿಡಬ್ಲ್ಯುಪಿ ಹಲಗೆ ಸಿಂಕ್ ಪೆಟ್ಟಿಗೆಗೂ ಅದರ ಪಕ್ಕದ್ದಕ್ಕೂ ಬೇಕೇ ಬೇಕು. ಮೇಲಿನ ಕಪಾಟು, ಅಟ್ಟದ ಬಾಗಿಲುಗಳಿಗೆ ಎಚ್‌ಡಿಎಚ್‌ಎಂಆರ್ (ತೇವ ತಡೆಯುವಂತೆ ಒತ್ತಿ ಮಾಡಿದ ದಟ್ಟ ಹಲಗೆ) ಅಥವಾ ಒಳ್ಳೆಯ ಎಂಆರ್ ಸಾಕು. ಮಂಗಳೂರು, ಕಾರವಾರ, ಆಗುಂಬೆ ಕಡೆಯವರು ಮಾತ್ರ ಈ ಉಳಿತಾಯಕ್ಕೆ ಕೈಹಾಕದಿರುವುದು ಒಳಿತು. ಮಳೆಗಾಲದ ತೇವ ಸಿಂಕ್ ಬಳಿಯಷ್ಟೇ ಇರುವುದಿಲ್ಲ, ಇಡೀ ಮನೆಯಲ್ಲಿರುತ್ತದೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಯಾವ ಊರಿನಲ್ಲೂ ಸಿಂಕ್ ಕೆಳಗೆ ಬೇಡ. ಒಂದು ಸಲ ನೀರು ಕುಡಿದು ಉಬ್ಬಿದರೆ ಹಿಂಜ್‌ನ ಸ್ಕ್ರೂ ಹಿಡಿಯುವುದಿಲ್ಲ, ಬಾಗಿಲು ಕೈಗೆ ಬರುತ್ತದೆ.

ಹೇಳಿದ ಪ್ಲೈವುಡ್ಡೇ ಹಾಕುತ್ತಾರೆಯೇ? ಆರ್ಡರ್ ಕೊಡುವ ಮೊದಲು ಅಂಗೈ ಅಗಲದ ತುಂಡು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ ನೀರು ಹಾಕಿ ನಾಲ್ಕೈದು ಗಂಟೆ ಕುದಿಸಿ. ಎಂಆರ್ ದರ್ಜೆಯದು ಪದರ ಬಿಡುತ್ತದೆ. ಬಿಡಬ್ಲ್ಯುಪಿ ಹಾಗೇ ಇರುತ್ತದೆ. ಶೀಟಿನ ಮೇಲಿನ ಐಎಸ್‌ಐ ಗುರುತಿನ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

‘ಜರ್ಮನ್ ಫಿಟಿಂಗ್ಸ್’ ಎಂದರೆ ಯಾವುದು?

‘ಜರ್ಮನ್ ಫಿಟಿಂಗ್ಸ್’ ಎಂದೋ, ಹೆಟಿಚ್, ಹಾಫೆಲೆ, ಬ್ಲುಮ್, ಎಬ್ಕೊ ಎಂದು ಹಿಂಜ್, ಚಾನೆಲ್ ಕಂಪನಿಗಳ ಹೆಸರು ಮಾತ್ರವೋ ಬರೆದ ಕೊಟೇಶನ್‌ಗೆ ಅರ್ಥವಿಲ್ಲ. ಒಂದೇ ಕಂಪನಿಯಲ್ಲಿ ಡ್ರಾಯರ್ ಜಾರಿಸುವ ಮಾಮೂಲಿ ಟೆಲಿಸ್ಕೋಪಿಕ್ ಚಾನೆಲ್ಲೂ ಇದೆ, ಅದರ ಹಲವು ಪಟ್ಟು ಬೆಲೆಯ, ಸದ್ದಿಲ್ಲದೆ ನಿಧಾನವಾಗಿ ಮುಚ್ಚಿಕೊಳ್ಳುವ ಸಾಫ್ಟ್‌ಕ್ಲೋಸ್ ಡ್ರಾಯರ್ ಸಿಸ್ಟಮ್ಮೂ ಇದೆ. ಮಾಡೆಲ್ ಹೆಸರು, ಎಷ್ಟು ಕಿಲೋ ಹೊರುತ್ತದೆ, ಎಷ್ಟು ಜೊತೆ: ಈ ಮೂರೂ ಕಾಗದದ ಮೇಲಿರಲಿ. ‘ಸಾಫ್ಟ್‌ಕ್ಲೋಸ್’ ಎಂಬುದು ಹಿಂಜ್‌ಗೆ ಮಾತ್ರವೋ ಚಾನೆಲ್‌ಗೂ ಸೇರಿಯೋ ಎಂಬುದೂ ಇರಲಿ. 720 ಎತ್ತರದ ಬಾಗಿಲಿಗೆ ಎರಡು ಹಿಂಜ್ ಸಾಕು; ಎರಡು ಮೀಟರ್ ಎತ್ತರದ ಟಾಲ್ ಯೂನಿಟ್ ಬಾಗಿಲಿಗೆ ನಾಲ್ಕಾದರೂ ಬೇಕು. ಮೂರರಲ್ಲೇ ಮುಗಿಸಿದ್ದರೆ ಕ್ರಮೇಣ ಬಾಗಿಲು ಇಳಿಯುತ್ತದೆ.

ತಂತಿ ಬುಟ್ಟಿಗಳ ವಿಷಯದಲ್ಲಿ ಒಂದು ಹಳೆಯ ಆಟವಿದೆ. ಆಯಸ್ಕಾಂತ ಹಿಡಿದು ‘ನೋಡಿ, ಅಂಟಲ್ಲ, 304 ಸ್ಟೀಲ್’ ಎನ್ನುತ್ತಾರೆ. ಅಗ್ಗದ 202 ದರ್ಜೆಯ ಸ್ಟೀಲೂ ಅಂಟುವುದಿಲ್ಲ. ಆದರೆ ಅದು ಬೇಗ ತುಕ್ಕು ಹಿಡಿಯುತ್ತದೆ, ಉಪ್ಪು ಗಾಳಿಯ ಕರಾವಳಿಯಲ್ಲಂತೂ ಇನ್ನೂ ಬೇಗ. ‘304’ ಎಂದು ಬಿಲ್ಲಿನಲ್ಲಿ ಬರೆಯಿರಿ ಎಂದಾಗ ಅಂಗಡಿಯವರು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು.

ದುಡ್ಡು ಎಲ್ಲಿ ಹಾಕಬೇಕು ಎಂದರೆ, ಒಲೆಯ ಕೆಳಗಿನ ಮೂರು ಡ್ರಾಯರ್‌ಗೆ. ದಿನಕ್ಕೆ ಐವತ್ತು ಸಲ ಎಳೆಯುವುದು ಅವನ್ನೇ. ಎಲ್ಲಿ ಉಳಿಸಬೇಕು? ಮೂಲೆಯಿಂದ ತಿರುಗಿಕೊಂಡು ಹೊರಬರುವ ಮ್ಯಾಜಿಕ್ ಕಾರ್ನರ್‌ನಲ್ಲಿ. ಶೋರೂಮಿನಲ್ಲಿ ನೋಡಲು ಚೆಂದ, ಬೆಲೆಯೂ ಹಾಗೇ. ಹಬ್ಬಕ್ಕೆ ಮಾತ್ರ ತೆಗೆಯುವ ದೊಡ್ಡ ಪಾತ್ರೆಗಳಿಗೆ ಆ ಮೂಲೆಯಲ್ಲಿ ಒಂದು ಮಾಮೂಲಿ ಶೆಲ್ಫ್ ಧಾರಾಳ.

ಬಾಗಿಲಿನ ಹೊರಮೈಗೆ 1 ಮಿ.ಮೀ. ಲ್ಯಾಮಿನೇಟ್ ಹಾಕಿದರೆ ಒಳಮೈಗೂ ಲೈನರ್ (ತೆಳು ಲ್ಯಾಮಿನೇಟ್) ಬೇಕು. ಒಂದೇ ಕಡೆ ಅಂಟಿಸಿದ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಅಂಚಿಗೆ ಮೆಷಿನ್‌ನಲ್ಲಿ ಹಾಕಿದ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಇರಲಿ. ಕೈಯಲ್ಲಿ ಅಂಟಿಸಿದ್ದು ಒಲೆಯ ಬಿಸಿಗೆ ಬಿಡುವುದು ಹೆಚ್ಚು. ಕಾರ್ಪೆಂಟರ್ ಕೆಲಸದ ಅಗ್ಗದ ಬೆಲೆಯಲ್ಲಿ ಹಲವು ಸಲ ಬಿಟ್ಟುಹೋಗಿರುವುದು ಈ ಮೆಷಿನ್ ಕೆಲಸವೇ.

ಬಿಲ್ಲಿನಲ್ಲಿ ಇಲ್ಲದ ಸಾಲುಗಳು

ಗ್ರಾನೈಟ್, ಸಿಂಕ್, ನಲ್ಲಿ, ಚಿಮಣಿ, ಒಲೆ, ಗೋಡೆ ಟೈಲ್ಸ್, ಪ್ಲಂಬಿಂಗ್, ಹೊಸ ವಿದ್ಯುತ್ ಪಾಯಿಂಟ್, ಸಾಗಣೆ, ಲಿಫ್ಟ್ ಇಲ್ಲದ ಮಹಡಿಗೆ ಹೊರುವ ಕೂಲಿ. ಪ್ರತಿಯೊಂದರ ಮುಂದೆ ‘ಸೇರಿದೆ’ ಅಥವಾ ‘ಸೇರಿಲ್ಲ’ ಎಂದು ಬರೆಸಿ. ಗ್ರಾನೈಟ್‌ನವರಂತೂ ಸಿಂಕ್ ಮತ್ತು ಒಲೆಯ ಕಟಿಂಗಿಗೆ ಬೇರೆ, ಅಂಚಿನ ಪಾಲಿಶ್‌ಗೆ ಅಡಿ ಲೆಕ್ಕದಲ್ಲಿ ಬೇರೆ ಹಣ ಕೇಳುತ್ತಾರೆ. ಬೆಂಗಳೂರಿನವರು ಜಿಗಣಿಗೆ ಹೋಗಿ ತಾವೇ ಕಲ್ಲು ಆರಿಸಿ ತರುವುದಾದರೆ ಆ ಬಾಬ್ತನ್ನು ಕಿಚನ್ ಕೊಟೇಶನ್‌ನಿಂದ ಪೂರ್ತಿ ತೆಗೆಸಿ.

‘ಬಿಲ್ಲು ಬೇಡ ಎಂದರೆ 18 ಪರ್ಸೆಂಟ್ ಬಿಡ್ತೀವಿ’ ಎಂಬ ಔದಾರ್ಯ ಬೇಡ. ವಾರಂಟಿ, ದೂರು, ಎಲ್ಲಕ್ಕೂ ಆಧಾರ ಆ ಬಿಲ್ಲೇ.

ಯಾವಾಗ ಕೇಳಬೇಕು, ಹೇಗೆ ಕೊಡಬೇಕು

ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಧನುರ್ಮಾಸದಲ್ಲೂ ಅಷ್ಟೇ. ಆ ತಿಂಗಳುಗಳಲ್ಲಿ ಕಾರ್ಖಾನೆಗೆ ಕೆಲಸ ಕಡಿಮೆ, ಮಾತಿಗೆ ಮಾಲೀಕರೇ ಸಿಗುತ್ತಾರೆ. ದಸರಾ, ಯುಗಾದಿಯ ‘ಶೇ 40 ರಿಯಾಯಿತಿ’ ಯಾವ ದರದ ಮೇಲೆ ಎಂಬುದನ್ನು, ಹಬ್ಬಕ್ಕೆ ಎರಡು ತಿಂಗಳ ಮುಂಚೆ ತಂದಿಟ್ಟ ಕೊಟೇಶನ್ ಹೇಳುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಒಂದೇ ನಕ್ಷೆಯ ಮೂರ್ನಾಲ್ಕು ಮನೆಯವರು ಒಟ್ಟಿಗೆ ಆರ್ಡರ್ ಕೊಟ್ಟರೆ ದರ ಇಳಿಯಲು ನಿಜವಾದ ಕಾರಣವಿದೆ: ಅಳತೆ ಒಂದೇ, ಶೀಟು ಕಡಿಮೆ ಹಾಳಾಗುತ್ತದೆ. ‘ಉಚಿತ ಚಿಮಣಿ’ ಕೊಟ್ಟರೆ, ಚಿಮಣಿ ಬೇಡ, ಅದರ ಬೆಲೆ ಕಳೆಯಿರಿ ಎಂದು ಕೇಳಿ ನೋಡಿ. ಉಚಿತದ ನಿಜವಾದ ಬೆಲೆ ಆಗ ಹೊರಬರುತ್ತದೆ.

ಹಣವನ್ನು ಹಂತಹಂತವಾಗಿ ಕೊಡಿ: ಆರ್ಡರ್‌ಗೆ ಶೇ 10, ಅಂತಿಮ ನಕ್ಷೆಗೆ ಸಹಿ ಹಾಕಿದ ಮೇಲೆ 40, ಸರಕು ಕಾರ್ಖಾನೆಯಲ್ಲಿ ಸಿದ್ಧವಾಗಿರುವುದನ್ನು ಕಣ್ಣಾರೆ ಕಂಡ ಮೇಲೆ 40, ಜೋಡಣೆ ಮುಗಿದು ಎರಡು ವಾರದ ನಂತರ 10. ಕೊನೆಯ ಈ ಶೇ 10ಕ್ಕೆ ಒಪ್ಪದವರೂ ಇದ್ದಾರೆ. ಶೇ 5ಕ್ಕಾದರೂ ಒಪ್ಪಿಸಿ, ಆದರೆ ಪೂರ್ತಿ ಬಿಟ್ಟುಕೊಡಬೇಡಿ. ಹೊಸ ಬಾಗಿಲುಗಳು ಒಂದೆರಡು ವಾರ ಬಳಸಿದ ಮೇಲೆ ಅಲ್ಪಸ್ವಲ್ಪ ಇಳಿಯುತ್ತವೆ, ಹಿಂಜ್ ಸರಿಮಾಡಲು ಯಾರಾದರೂ ಮತ್ತೆ ಬರಲೇಬೇಕು. ಬಾಕಿ ಹಣ ಇದ್ದರೆ ಬೇಗ ಬರುತ್ತಾರೆ.

ಜೋಡಿಸುವ ದಿನ ಸಿಂಕ್ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಿ. ಪೈಪಿಗಾಗಿ ಹಲಗೆಯಲ್ಲಿ ಕೊರೆದ ರಂಧ್ರದೊಳಗೆ ಟಾರ್ಚ್ ಬಿಟ್ಟರೆ ಪ್ಲೈವುಡ್‌ನ ಹೊಟ್ಟೆ ಕಾಣುತ್ತದೆ: ಪದರಗಳ ನಡುವೆ ಸಂದು ಇದೆಯೇ, ಒಳಗೆ ಪ್ಲೈವುಡ್ ಇದೆಯೇ ಅಥವಾ ಪುಡಿಯಿಂದ ಒತ್ತಿದ ಬೋರ್ಡೇ. ನೋಡಿದ ಮೇಲೆ ಆ ಅಂಚಿಗೆ ಸಿಲಿಕೋನ್ ಹಚ್ಚಿಸಿ. ಹಾಗೇ ಬಿಟ್ಟರೆ ನೀರು ಒಳಗೆ ಇಳಿಯುವುದು ಮೊದಲು ಅಲ್ಲಿಂದಲೇ. ಕೆಳಗಿನ ಡ್ರಾಯರ್‌ನಲ್ಲಿ 20 ಕಿಲೋ ಅಕ್ಕಿ ಇಟ್ಟು ಹತ್ತು ಸಲ ಎಳೆದು ನೋಡಿ. ಹಿಂಜ್ ಮತ್ತು ಚಾನೆಲ್ ಮೇಲೆ ಅಚ್ಚಾದ ಹೆಸರು ಬಿಲ್ಲಿಗೆ ತಾಳೆಯಾಗಬೇಕು.

ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ.

ಕೆಲಸದವರು ಹೊರಡುವ ಮುನ್ನ ಉಳಿದ ಲ್ಯಾಮಿನೇಟ್ ತುಂಡು, ಒಂದೆರಡು ಹೆಚ್ಚುವರಿ ಹಿಂಜ್, ಎಡ್ಜ್ ಬ್ಯಾಂಡ್‌ನ ಒಂದು ಸುರುಳಿ ಕೇಳಿ ಇಟ್ಟುಕೊಳ್ಳಿ. ಲ್ಯಾಮಿನೇಟ್‌ನ ಕಂಪನಿ ಮತ್ತು ಶೇಡ್ ಸಂಖ್ಯೆಯನ್ನು ಮೇಲಿನ ಕಪಾಟಿನ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಐದು ವರ್ಷದ ನಂತರ ಒಂದು ಬಾಗಿಲು ಬದಲಿಸಬೇಕಾದಾಗ ಅಂಗಡಿಯವರು ಮೊದಲು ಕೇಳುವುದು ಆ ಸಂಖ್ಯೆಯನ್ನೇ.