ಕಂಬಳಿ ಮಗುವಿನ ಕೆಳಗಿರಲಿ

ಚಿತ್ರದುರ್ಗದ ಚಳಿ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಡಿಸೆಂಬರ್ ತಿಂಗಳ ಮಧ್ಯಾಹ್ನವೂ ಅಂಗಳಕ್ಕೆ ಇಳಿದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು. ಉಷ್ಣಾಂಶ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದೇ ಅಂಗಳ ಬೆಳಗಿನ ಜಾವಕ್ಕೆ 16ಕ್ಕೋ ಅದಕ್ಕೂ ಕೆಳಗೋ ಇಳಿದಿರುತ್ತದೆ, ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ದೊಡ್ಡವರು ಒಂದು ರಗ್ಗು ಹೊದ್ದು ಮಲಗಿದರೆ ಮುಗಿಯಿತು. ಹಸುಗೂಸಿನ ಮಾತು ಹಾಗಲ್ಲ. ಅದಕ್ಕೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಬಾರದು, ಚರ್ಮದಡಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಹೀಗಾಗಿ ಇದ್ದ ಬಿಸಿಯೂ ಬೇಗ ಸೋರಿಹೋಗುತ್ತದೆ.

ನನ್ನ ಹೆರಿಗೆ ದಾವಣಗೆರೆಯಲ್ಲಿ ಆಯಿತು. ಬಾಣಂತನಕ್ಕೆ ಚಿತ್ರದುರ್ಗದ ತವರುಮನೆಗೆ ಬಂದೆ. ನಮ್ಮದು ಹಳೆಯ ಮನೆ, ದಪ್ಪ ಗೋಡೆ, ಕಡಪಾ ಕಲ್ಲಿನ ನೆಲ. ಬೇಸಿಗೆಯಲ್ಲಿ ಆ ನೆಲದಷ್ಟು ಹಿತವಾದದ್ದು ಬೇರೊಂದಿಲ್ಲ. ಚಳಿಗಾಲದಲ್ಲಿ ಬರಿಗಾಲಿಟ್ಟರೆ ಅಂಗಾಲು ಜುಮ್ಮೆನ್ನುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಮಕ್ಕಳ ಡಾಕ್ಟರು ಹೇಳಿದ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ: ಮಗುವಿನ ಮೇಲೆ ಸಡಿಲವಾದ ಭಾರದ ಹೊದಿಕೆ ಯಾವುದೂ ಬೇಡ, ದಿಂಬು ಬೇಡ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಹೊದಿಕೆ ಮುಖದ ಮೇಲೆ ಸರಿದರೆ ಅದನ್ನು ತಳ್ಳುವ ಶಕ್ತಿ ಎಳೆಯ ಕೈಗಳಿಗೆ ಇರುವುದಿಲ್ಲ. ಮೈ ಅತಿಯಾಗಿ ಬಿಸಿಯಾಗುವುದೂ ತಣ್ಣಗಾಗುವುದರಷ್ಟೇ ಅಪಾಯ.

ಹಾಗಾದರೆ ಬೆಚ್ಚಗಿಡುವುದು ಹೇಗೆ? ನಾನು ಕೆಳಗಿನಿಂದ ಶುರು ಮಾಡಿದೆ.

ನಮ್ಮ ಮನೆಯಲ್ಲಿ ಚಳ್ಳಕೆರೆಯ ಕರಿ ಕಂಬಳಿಗಳಿವೆ. ಕುರಿಯ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಮಗ್ಗದಲ್ಲಿ ನೇಯ್ದವು; ಹೊಸದಾಗಿದ್ದಾಗ ತಗಡಿನಂತೆ ಬಿರುಸು. ಅಂಥದ್ದನ್ನು ಎಳೆ ಚರ್ಮಕ್ಕೆ ತಾಗಿಸಿದರೆ ಕೆಂಪಗೆ ದದ್ದು ಏಳುವುದು ಖಂಡಿತ. ಆದರೆ ಆ ಬಿರುಸೇ ನನಗೆ ಬೇಕಾಗಿತ್ತು. ನೆಲದ ಮೇಲೆ ಈಚಲು ಚಾಪೆ ಹಾಸಿ, ಅದರ ಮೇಲೆ ಕಂಬಳಿಯನ್ನು ಎರಡು ಮಡಿಕೆ ಮಾಡಿ ಸುಕ್ಕಿಲ್ಲದಂತೆ ಬಿಡಿಸಿದೆ. ಕಲ್ಲಿನ ತಂಪು ಅಲ್ಲಿಗೇ ನಿಂತಿತು. ತಣ್ಣನೆಯ ವಸ್ತುವಿಗೆ ಮೈ ತಾಗಿಕೊಂಡಿದ್ದರೆ ಬಿಸಿ ಅದಕ್ಕೆ ಹರಿದುಹೋಗುತ್ತಲೇ ಇರುತ್ತದೆ. ಮೇಲೆ ಎಷ್ಟು ಹೊದಿಸಿದರೂ ಬೆನ್ನಿನ ಕಡೆಯಿಂದ ಆಗುವ ನಷ್ಟ ನಿಲ್ಲದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಹರಿವನ್ನು ತಡೆಯುತ್ತದೆ. ನೇಯ್ಗೆ ಒತ್ತಾಗಿರುವುದರಿಂದ ಕಂಬಳಿ ಕುಸಿಯುವುದೂ ಇಲ್ಲ, ಹಾಸಿಗೆ ಗಟ್ಟಿಯಾಗಿಯೇ ಉಳಿಯುತ್ತದೆ.

ಕಂಬಳಿಯ ಮೇಲೆ ಅರಳೆಯ ಪುಟ್ಟ ಹಾಸಿಗೆ. ಇದನ್ನು ಕೊಳ್ಳುವುದಕ್ಕೆ ಹೋಗದೆ ಹೇಳಿ ಹೊಲಿಸಿದೆ. ಬೂರುಗದ ಅರಳೆ ಮೆತ್ತಗಿರುತ್ತದೆ ಎಂದು ಹಾಸಿಗೆ ಹೊಲಿಯುವವರು ಒತ್ತಾಯ ಮಾಡಿದರು. ಮೆತ್ತಗಿರುವುದೇ ಬೇಡವೆಂದು ನಾನು ಹತ್ತಿಯನ್ನು ಬಿಗಿಯಾಗಿ ತುಂಬಿಸಿ, ಅಲ್ಲಲ್ಲಿ ಟಾಕು ಹಾಕಿಸಿದೆ. ಮುಷ್ಟಿಯಿಂದ ಒತ್ತಿ ಕೈ ತೆಗೆದಾಗ ಗುಳಿ ಉಳಿಯಬಾರದು. ಉಳಿದರೆ ಮಗುವಿನ ತಲೆಯೂ ಅಲ್ಲೇ ಹುದುಗುತ್ತದೆ.

ಹಾಸಿಗೆಯ ಮೇಲೆ ರಬ್ಬರ್ ಶೀಟು ಬೇಕೇ ಬೇಕು, ಆದರೆ ಅದು ಮೈಗೆ ಹತ್ತಿರವಿದ್ದರೆ ಮೊದಲು ತಣ್ಣಗೆ ಕೊರೆಯುತ್ತದೆ, ಆಮೇಲೆ ಬೆವರಿಸುತ್ತದೆ. ಅದಕ್ಕೆ ಅದರ ಮೇಲೆ ಕೌದಿ. ಈ ಕೌದಿಯ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಹಾಸಿಗೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಪದರ ಅದು. ಅಜ್ಜಿಯ ಹಳೆಯ ನೂಲಿನ ಸೀರೆಗಳು, ಒಗೆದು ಒಗೆದು ಬಣ್ಣ ಮಾಸಿ ಬೆಣ್ಣೆಯಷ್ಟು ನುಣುಪಾದವು. ಮೂರೇ ಪದರ ಜೋಡಿಸಿ ಅಜ್ಜಿ ಅಂಚಿನಿಂದ ಒಳಕ್ಕೆ ಚೌಕ ಚೌಕವಾಗಿ ಓಟದ ಹೊಲಿಗೆ ಹಾಕಿದರು. “ದೊಡ್ಡವರ ಕೌದಿಗೆ ತುಂಬಿದಂತೆ ಚಿಂದಿ ತುಂಬಬೇಡಿ ಅಜ್ಜಿ, ಗಂಟುಗಂಟಾಗುತ್ತದೆ” ಎಂದೆ. “ಕೂಸಿನ ಕೌದಿಗೆ ಚಿಂದಿ ತುಂಬುತ್ತಾರೇನೇ? ನಿನ್ನ ಅಮ್ಮನಿಗೆ ಹೊಲಿದದ್ದೂ ನಾನೇ” ಎಂದರು. ಜರಿ ಅಂಚನ್ನು ಅವರೇ ಕತ್ತರಿಸಿ ತೆಗೆದರು, ಜರಿ ಚುಚ್ಚುತ್ತದೆ. ನಾನು ಮಾಡಿದ್ದು ಒಂದು ಕೆಲಸ: ಪ್ರತಿ ಸಲ ಒಗೆದ ಮೇಲೆ ಕೌದಿಯನ್ನು ತಿರುವಿ, ಎದ್ದ ದಾರವಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಬಿಚ್ಚಿದ ಒಂದು ದಾರ ಎಳೆಯ ಬೆರಳಿಗೆ ಸುತ್ತಿಕೊಂಡರೆ ರಕ್ತ ಹರಿಯದಂತೆ ಬಿಗಿಯುತ್ತದೆ. ಮಗು ಏಕೆ ಅಳುತ್ತಿದೆ ಎಂದು ತಿಳಿಯದೆ ಒದ್ದಾಡುವಾಗ ಕಾಲುಚೀಲ ಬಿಚ್ಚಿ ಬೆರಳುಗಳನ್ನು ನೋಡಿ ಎಂದು ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ. ಕೌದಿಯ ನಾಲ್ಕೂ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಮಡಚಿ ಸೇರಿಸಬೇಕು.

ಇನ್ನು ಮೈಮೇಲಿನದು. ಹಗಲಿಗೂ ರಾತ್ರಿಗೂ ಹತ್ತು ಹನ್ನೆರಡು ಡಿಗ್ರಿ ಏರಿಳಿಯುವ ಊರಿನಲ್ಲಿ ಒಂದೊಂದಾಗಿ ಕಳಚಲು ಬರುವ ತೆಳು ಪದರಗಳೇ ಸರಿ. ಒಳಗೆ ಲಾಡಿ ಕಟ್ಟುವ ಮಲ್ ಬಟ್ಟೆಯ ಜಬಲಾ, ಅದರ ಮೇಲೆ ತುಂಬುತೋಳಿನ ಫ್ಲಾನಲ್ ಅಂಗಿ, ಕಾಲುಚೀಲ, ಕೊನೆಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತು. ಆ ಕೋಣೆಯಲ್ಲಿ ನನಗೆ ಎಷ್ಟು ಬಟ್ಟೆ ಸಾಕೋ ಅದಕ್ಕಿಂತ ಒಂದು ಪದರ ಹೆಚ್ಚು ಎಂಬುದೇ ಲೆಕ್ಕ. ಸುತ್ತುವಾಗ ಎದೆಯ ಹತ್ತಿರ ಎರಡು ಬೆರಳು ತೂರುವಷ್ಟು ಸಡಿಲ, ಸೊಂಟದ ಕೆಳಗೆ ಮಂಡಿ ಮಡಿಸಿ ಅಗಲಿಸುವಷ್ಟು ಜಾಗ. ಕಾಲುಗಳನ್ನು ನೆಟ್ಟಗೆ ಎಳೆದು ಕಟ್ಟಿದರೆ ಸೊಂಟದ ಕೀಲಿಗೆ ಕೆಡುಕು. ಮಗುವನ್ನು ಅಂಗಳಕ್ಕೆ ಒಯ್ಯುವಾಗ, ಲಸಿಕೆಗೆ ಹೊರಟಾಗ ಮಾತ್ರ ತಲೆ, ಬೆನ್ನು ಮುಚ್ಚುವ ಕುಂಚಿಗೆ ತೊಡಿಸುತ್ತಿದ್ದೆ. ಟೊಪ್ಪಿಗೆ ಮೊದಮೊದಲು ಇತ್ತು, ಸ್ನಾನವಾದ ಮೇಲೆ ತಲೆ ಒಣಗುವವರೆಗಂತೂ ತಪ್ಪದೆ ಇತ್ತು. ತೂಕ ಏರುತ್ತಾ ಬಂದ ಮೇಲೆ ಮನೆಯೊಳಗೆ ಮಲಗಿಸುವಾಗ ತೆಗೆದೆವು. ಮೈ ಸುತ್ತಿದ ಮಗು ಹೆಚ್ಚಾದ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ತಲೆಯಿಂದ, ಅಲ್ಲದೆ ಟೊಪ್ಪಿಗೆ ಮೂಗಿನ ಮೇಲೆ ಜಾರುತ್ತದೆ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಿಗೆ ಈ ಲೆಕ್ಕ ಬೇರೆ, ಅಲ್ಲಿ ಡಾಕ್ಟರ ಮಾತೇ ಕೊನೆ.

ಉಡುಗೊರೆಗಳು ರಾಶಿ ಬಂದವು. ದೊಡ್ಡಮ್ಮ ದಾವಣಗೆರೆಯ ಮಂಡಿಪೇಟೆಯಿಂದ ತುಪ್ಪಳದಂಥ ದಪ್ಪ ರಗ್ಗು ತಂದಿದ್ದರು. “ಕೂಸಿಗೆ ಇಷ್ಟು ತೆಳುವಾಗಿ ಸುತ್ತಿದ್ದೀಯಲ್ಲ, ನೆಗಡಿಯಾದರೆ ಏನು ಗತಿ?” ಎಂದು ಅವರಿಗೆ ನಿಜವಾದ ಕಳವಳ. ಅವರ ಕೈಯನ್ನೇ ಹಿಡಿದು ಮಗುವಿನ ಕತ್ತಿನ ಹಿಂಭಾಗಕ್ಕೆ ಇರಿಸಿದೆ. ಬೆಚ್ಚಗಿತ್ತು, ಒಣಗಿತ್ತು. “ಬೆವರು ಬಂದಿದ್ದರೆ ಒಂದು ಪದರ ತೆಗೆಯಬೇಕಿತ್ತು ದೊಡ್ಡಮ್ಮ, ತಣ್ಣಗಿದ್ದರೆ ಸೇರಿಸಬೇಕಿತ್ತು” ಎಂದೆ. ಅವರು ಮತ್ತೆ ಒತ್ತಾಯಿಸಲಿಲ್ಲ. ರಗ್ಗು ನನಗಾಯಿತು, ಆ ಚಳಿಗಾಲವೆಲ್ಲ ನನ್ನನ್ನು ಕಾಪಾಡಿತು. ಸಾಸಿವೆ ದಿಂಬನ್ನೂ, ದಿಂಬುಗಳ ಸೆಟ್ಟನ್ನೂ ಕಪಾಟಿನಲ್ಲಿಟ್ಟೆ.

ಕೈಕಾಲು ಮುಟ್ಟಿ ಚಳಿ ಅಳೆಯುವುದು ಎಲ್ಲರ ರೂಢಿ. ಹಸುಗೂಸಿನ ಅಂಗೈ ಅಂಗಾಲು ತುಸು ತಣ್ಣಗೆ, ನೀಲಿಛಾಯೆಯಲ್ಲಿ ಇರುವುದು ಸಾಮಾನ್ಯ. ನಂಬಬೇಕಾದದ್ದು ಎದೆ, ಬೆನ್ನು, ಕತ್ತು. ಅನುಮಾನ ಬಂದರೆ ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಿದ್ದೆ: 36.5ರಿಂದ 37.5 ಡಿಗ್ರಿ ಇದ್ದರೆ ಸರಿ. ಒಂದು ಬೆಳಗಿನ ಜಾವ ಎದೆ ತಂಪಾಗಿದೆ ಎನಿಸಿದಾಗ ಬಟ್ಟೆ ಸೇರಿಸುತ್ತಾ ಕೂರಲಿಲ್ಲ. ಅಂಗಿ ಬಿಚ್ಚಿ ನನ್ನ ಎದೆಗೆ ಎದೆ ತಾಗಿಸಿ ಮಲಗಿಸಿಕೊಂಡು, ಮೂಗು ಬಾಯಿ ಕಾಣುವಂತೆ ಬೆನ್ನ ಮೇಲೆ ಕೌದಿ ಹೊದಿಸಿದೆ. ಸ್ವಲ್ಪ ಹೊತ್ತಿಗೇ ಹದಕ್ಕೆ ಬಂದು ಹಾಲಿಗೆ ಬಾಯಿ ಹಾಕಿದಳು. ಹೀಗೆ ಮಾಡಿದರೂ ಮೈ ಬಿಸಿಯಾಗದಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯಬಾರದು, ಆಸ್ಪತ್ರೆಗೆ ಹೊರಟುಬಿಡಬೇಕು.

ಅಗ್ಗಿಷ್ಟಿಕೆಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಲಿಲ್ಲ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವುದು ಹಿಂದಿನಿಂದ ಬಂದದ್ದು. ಆದರೆ ಗಾಳಿಯಾಡದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಡುವುದನ್ನೂ ಒಪ್ಪಲಿಲ್ಲ, ಎಳೆ ಚರ್ಮ ಬೇಗ ಸುಡುತ್ತದೆ. ಅದರ ಬದಲು ದುರ್ಗದ ಬಿಸಿಲನ್ನೇ ಒಳಗೆ ತಂದೆ. ಮಧ್ಯಾಹ್ನ ಮಹಡಿಯ ಮೇಲೆ ಕೌದಿ, ಅಂಗಿ, ಸುತ್ತುಬಟ್ಟೆ ಎಲ್ಲವನ್ನೂ ಹರವಿ, ಹೊತ್ತು ಇಳಿಯುವ ಮುನ್ನವೇ ಮಡಚಿ ತರುವುದು ಅಮ್ಮನ ಕೆಲಸ. ಸಂಜೆಯ ಇಬ್ಬನಿಗೆ ಬಿಟ್ಟರೆ ಬಟ್ಟೆ ಮತ್ತೆ ತೇವ ಹೀರುತ್ತದೆ. ಬಿಸಿಲಿನಿಂದ ಬಂದ ಬಟ್ಟೆಯನ್ನು ರಾತ್ರಿಗೆ ಬೇಕಾದ ಕ್ರಮದಲ್ಲಿ ಕೈಗೆಟುಕುವಂತೆ ಜೋಡಿಸಿಡುತ್ತಿದ್ದೆ: ಲಂಗೋಟಿ, ಜಬಲಾ, ಸುತ್ತುಬಟ್ಟೆ. ಒದ್ದೆ ಬಟ್ಟೆಯಷ್ಟು ವೇಗವಾಗಿ ಬಿಸಿ ಕದಿಯುವುದು ಬೇರೆ ಇಲ್ಲ, ಕತ್ತಲಲ್ಲಿ ಹುಡುಕಾಡುತ್ತಾ ಮಗುವನ್ನು ಬರಿಮೈಯಲ್ಲಿ ಬಿಡುವ ಹಾಗಾಗಬಾರದು.

ಮಗಳ ಹಾಸಿಗೆ ನನ್ನ ಹಾಸಿಗೆಯ ಪಕ್ಕದಲ್ಲೇ, ಆದರೆ ನನ್ನ ರಗ್ಗಿನ ಅಂಚು ತಲುಪದಷ್ಟು ಅಂತರದಲ್ಲಿ ಇತ್ತು. ಬಾಗಿಲ ಸಂದಿಗೆ ಗೋಣಿತಾಟು ಮಡಚಿಟ್ಟೆವು. ಎದುರಿನ ಕಿಟಕಿಯ ಮೇಲಿನ ಗವಾಕ್ಷಿಯನ್ನು ಮಾತ್ರ ತೆರೆದೇ ಇಟ್ಟೆವು. ತೊಟ್ಟಿಲು ಹಗಲಿಗೆ, ನಾವು ಎದುರಿಗೇ ಕೂತಿರುವಾಗ ಮಾತ್ರ. ಅದಕ್ಕೆ ಕೆಳಗಿನಿಂದಲೂ ಗಾಳಿ ಬಡಿಯುವುದರಿಂದ ತಳಕ್ಕೆ ಹಾಸಿಗೆ ತಪ್ಪಿಸುತ್ತಿರಲಿಲ್ಲ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ರಾತ್ರಿಯ ನಿದ್ದೆಗೆ ಅದನ್ನು ಬಳಸಲಿಲ್ಲ.

ಸಂಕ್ರಾಂತಿ ಕಳೆದು ಹಗಲಿನ ಕಾವು ಏರಿದಂತೆ ಮೊದಲು ಫ್ಲಾನಲ್ ಅಂಗಿ ಹೋಯಿತು. ಶಿವರಾತ್ರಿಯ ಹೊತ್ತಿಗೆ ಕಂಬಳಿಯನ್ನು ಬಿಸಿಲಿಗೆ ಕೊಡವಿ, ಬೇವಿನ ಸೊಪ್ಪಿಟ್ಟು ಸುತ್ತಿ ಎತ್ತಿಟ್ಟೆವು. ಸುತ್ತುಬಟ್ಟೆಯನ್ನು ಇನ್ನಷ್ಟು ದಿನ ಉಳಿಸಿಕೊಂಡಿದ್ದೆ, ಮಗಳು ಮಗ್ಗುಲಿಗೆ ಹೊರಳಲು ಹವಣಿಸಿದ ದಿನವೇ ನಿಲ್ಲಿಸಿದೆ. ಕೈ ಕಟ್ಟಿದ ಮಗು ಬೋರಲು ಬಿದ್ದರೆ ತಲೆ ಎತ್ತಿಕೊಳ್ಳಲಾರದು. ಆಮೇಲೆ ಕಾಲು ಮುಚ್ಚುವ ಉದ್ದ ಅಂಗಿಯೇ ಅವಳ ರಾತ್ರಿಯ ಹೊದಿಕೆಯಾಯಿತು.